ಟೆನಿಸ್ ಚೆಂಡಿನ ರೋಮೋತ್ಪತ್ತಿಯೂ ಉತ್ತರಾಣಿಯ ಹಿತಾಸಕ್ತಿಯೂ: ಒಂದು ವಿಚಾರ

ಶಿವರಾತ್ರಿ ಕಳೆದು ಯುಗಾದಿ ಬರುವುದರೊಳಗೆ, ಬೆಂಗಳೂರಿನ ಯಾವುದಾದರೂ ಬಡಾವಣೆಯ ಟೆನಿಸ್ ಅಂಕಣದಲ್ಲಿ ಬೆಳಗಿನ ಹೊತ್ತು ನಾಲ್ವರು ಗೆಳೆಯರು ಕಂಡರೆ, ಅವರು ಆಟವಾಡುತ್ತಿದ್ದಾರೆಂದು ದಾರಿಹೋಕರು ತಿಳಿಯುತ್ತಾರೆ. ಅದು ಪಾಮರರ ಮಾತು. ನಾಲ್ವರಲ್ಲಿ ಒಬ್ಬರಾದರೂ ಸದಾ ತಂತಿಬೇಲಿಯಾಚೆ, ತುಂಬೆ ವಿಷ್ಣುಕಾಂತಿಗಳ ನಡುವೆ ಬಗ್ಗಿ ಹುಡುಕುತ್ತಿರುತ್ತಾರೆಂಬುದು ಪ್ರತ್ಯಕ್ಷ ಪ್ರಮಾಣ. ಇದರಿಂದ ಹೊರಡುವ ಸಿದ್ಧಾಂತ ಇಷ್ಟೇ: ವಸಂತಾರಂಭದ ಈ ಟೆನಿಸ್ಸು ಮನುಷ್ಯರ ಆಟವಲ್ಲ, ಉತ್ತರಾಣಿ ಗಿಡ ತನ್ನ ಬೀಜಪ್ರಸಾರಕ್ಕೆಂದು ಮಾಡಿಕೊಂಡಿರುವ ಏರ್ಪಾಡು. ಚೆಲುವಾದ ಹೂವುಳ್ಳ ಗಿಡ ಜೇನನ್ನು ಕರೆಯುತ್ತದೆ. ಉತ್ತರಾಣಿಗೆ ಆ ಭಾಗ್ಯವಿಲ್ಲ. ಗೇಣುದ್ದದ ಕಡ್ಡಿಯ ತುಂಬ ಹಸಿರುಬಿಳುಪಿನ ಪುಡಿ ಹೂವು. ಬಲಿತಂತೆ ಒಂದೊಂದೂ ತಲೆ ಕೆಳಗಾಗಿ ಕಡ್ಡಿಗೆ ಒರಗಿ, ಮೊನೆ ಒಣಗಿ ಚೂಪಾಗಿ, ಹಾದುಹೋಗುವುದು ಯಾವುದಾದರೂ ಸರಿ, ಹಿಡಿದುಕೊಳ್ಳುವ ಸನ್ನಾಹದಲ್ಲಿರುತ್ತದೆ. ದನ, ನಾಯಿ, ಪಂಚೆ, ಸೀರೆಯಂಚು ಇವೆಲ್ಲ ಅದರ ಹಳೆಯ ವಾಹನಗಳು. ಬಡಾವಣೆಗಳಲ್ಲಿ ದನ ಕಡಿಮೆಯಾಗಿ, ಪಂಚೆ ಬೀರುವಿಗೆ ಸೇರಿದ ಮೇಲೆ ಗಿಡವಾದರೂ ಬೇರೆ ದಾರಿ ನೋಡಿಕೊಳ್ಳಬೇಡವೇ?

ಚರಿತ್ರೆಯೂ ಇದನ್ನೇ ನುಡಿಯುತ್ತದೆ. 1874ರಲ್ಲಿ ಮೇಜರ್ ವಿಂಗ್‌ಫೀಲ್ಡ್ ಇಂಗ್ಲೆಂಡಿನಲ್ಲಿ ಹುಲ್ಲುಹಾಸಿನ ಟೆನಿಸ್ಸಿಗೆ ಪೇಟೆಂಟ್ ಪಡೆದಾಗ ಚೆಂಡು ಬರೀ ಬೋಳು ರಬ್ಬರು. ಆಟ ಬಯಲಿಗೆ ಬಂದದ್ದೇ ತಡ, ಹೀತ್‌ಕೋಟ್ ಎಂಬವರು ಅದಕ್ಕೆ ಫ್ಲಾನೆಲ್ ಹೊದಿಸಿ ನೋಡಿದರು. ಮುಂದೆ ಚೆಂಡಿಗೆ ಮೈತುಂಬ ಜುಂಗೇ ಬಂತು. ಪುಟಿತ ಹದವಾಗಲೆಂದು ಹಾಗೆ ಮಾಡಿದರೆನ್ನುತ್ತಾರೆ. ಇರಬಹುದು, ಆದರೆ ಬೋಳು ಮೈಗೆ ಬೀಜ ಅಂಟದೆಂಬುದನ್ನು ಕ್ರೀಡಾಪಂಡಿತರು ಗಮನಿಸಿದಂತಿಲ್ಲ. 1972ರಲ್ಲಿ ಅಂತರರಾಷ್ಟ್ರೀಯ ನಿಯಮ ಹಳದಿ ಚೆಂಡಿಗೆ ಒಪ್ಪಿಗೆ ಕೊಟ್ಟದ್ದು ಟಿವಿಯಲ್ಲಿ ಚೆನ್ನಾಗಿ ಕಾಣಲೆಂದು. ಹಾಗಾದರೆ ಯಾವ ಟಿವಿಯೂ ತೋರಿಸದ ಗೆಳೆಯರ ಆಟಕ್ಕೂ ಹಳದಿಯೇ ಏಕೆ? ನೆಗ್ಗಿಲ ಹಳದಿ ಹೂಗಳ ನಡುವೆ ಅದು ಬೇಗ ಕಾಣಬಾರದು, ಹುಡುಕುವವರು ನಾಲ್ಕು ಗಿಡಕ್ಕೆ ಹೆಚ್ಚಾಗಿ ಮೈ ತಾಗಿಸಬೇಕು. ಕಳೆಗಿಡಕ್ಕೆ ಆಸ್ಪದವೇ ಇಲ್ಲದ ವಿಂಬಲ್ಡನ್ನಿಗೆ ಅಂಥ ಅವಸರವಿರಲಿಲ್ಲ. ಅದು 1986ರಲ್ಲಷ್ಟೇ ಹಳದಿಗೆ ಒಲಿಯಿತು.

ಆಟ ಹುಟ್ಟಿದ ಇಂಗ್ಲೆಂಡಿನಲ್ಲಿ ಉತ್ತರಾಣಿ ಎಲ್ಲಿತ್ತು ಎಂಬುದು ಪೂರ್ವಪಕ್ಷ. ಅಲ್ಲಿ ಅದರ ಕೆಲಸಕ್ಕೆ ಬರ್ಡಾಕ್ ಇದೆ. ಆ ಜಾತಿಯ ಕಾಯಿ ನಾಯಿಯ ಮೈಗೆ ಅಂಟಿದ್ದನ್ನು ನೋಡಿಯೇ ಸ್ವಿಸ್ ಎಂಜಿನಿಯರ್ ಡಿ ಮೆಸ್ಟ್ರಾಲ್ ವೆಲ್ಕ್ರೋ ರೂಪಿಸಿದ್ದು. ವೃತ್ತಿಪರರ ಚೆಂಡು ಪೊದೆಗೆ ಹೋಗುವುದಿಲ್ಲವಲ್ಲ ಎನ್ನುವವರು ಅಲ್ಲಿನ ಪದ್ಧತಿ ನೋಡಬೇಕು: ದೊಡ್ಡ ಪಂದ್ಯಗಳಲ್ಲಿ ಮೊದಲು 7 ಗೇಮಿಗೆ, ಆಮೇಲೆ 9 ಗೇಮಿಗೊಮ್ಮೆ ಚೆಂಡು ಬದಲಿಸುತ್ತಾರೆ, ಎಂದರೆ ಬೀಜ ಕೂರುವ ಮೊದಲೇ ವಾಹನ ಜಪ್ತಿ. ಗೆಳೆಯರಾದರೋ ಒಂದೇ ಡಬ್ಬಿಯ ಮೂರು ಚೆಂಡನ್ನು ಬಣ್ಣ ಮರೆಯಾಗುವವರೆಗೂ ಬಡಿಯುತ್ತಾರೆ. ಚೆಂಡು ಆಚೆ ಹೋಗುವುದು ಆಡಲು ಬಾರದ್ದರಿಂದ ಎಂಬ ಆಕ್ಷೇಪ ತೀರ ಒರಟು. 23.77 ಮೀಟರ್ ಉದ್ದ, 10.97 ಮೀಟರ್ ಅಗಲದ ಜಾಗ ಬಿಟ್ಟು ಪ್ರತಿ ಸಲವೂ ಅದೇ ಪೊದೆಗೆ ಚೆಂಡು ಹಾಕುವುದನ್ನು ಅಸಾಮರ್ಥ್ಯ ಎನ್ನಲಾದೀತೇ? ಇನ್ನುಳಿದದ್ದು, ಅಂಟಿದ ಬೀಜವನ್ನು ಸರ್ವ್‌ಗೆ ಮುಂಚೆ ಉಗುರಿನಿಂದ ಕಿತ್ತು ಎಸೆದುಬಿಡುತ್ತಾರಲ್ಲ ಎಂಬ ಮಾತು. ಎಸೆಯುತ್ತಾರೆ, ನಿಜ. ಎಸೆಯುವುದು ಎದುರು ಬದಿಯ ಬೇಲಿಯಾಚೆಗೆ. ಅಲ್ಲಿ ಉತ್ತರಾಣಿ ಇನ್ನೂ ಹುಟ್ಟಿಲ್ಲ.