ಆಕಾಶದ ಕಲ್ಲಿಗೆ ಹೆಸರಿಡುವ ಕ್ರಮ (ಯಾದಗಿರಿ ಜಿಲ್ಲೆಯವರಿಗಾಗಿ)

ಮೊದಲು ಜಾಗ ನೋಡಿಕೊಳ್ಳಿ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾ ಸಂಸ್ಕೃತಿಯ ಜನ ಹೆಬ್ಬಂಡೆಗಳನ್ನು ಸಾಲುಸಾಲಾಗಿ ಇಟ್ಟು ಹೋಗಿದ್ದಾರೆ. ಸೂರ್ಯನ ಲೆಕ್ಕಕ್ಕೆ ಇಟ್ಟದ್ದು ಎನ್ನುವ ಖಗೋಳಜ್ಞರಿದ್ದಾರೆ. ಆ ಕಲ್ಲಿಗೆ ಒರಗಿ ಕೂರಿ, ಆದರೆ ಅದರ ಮೇಲೆ ಹೆಸರು ಕೆತ್ತಬೇಡಿ. ಆ ಚಟಕ್ಕೆಂದೇ ಈ ಕೈಪಿಡಿ.

ದೂರದರ್ಶಕ ಕೊಳ್ಳಬೇಕಿಲ್ಲ. ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕಗಳು ತೆಗೆದ ಚಿತ್ರಗಳನ್ನು ಶಾಲಾ ತಂಡಗಳಿಗೆ ಪುಕ್ಕಟೆ ಕೊಡುವ ಏರ್ಪಾಡಿದೆ. ಸ್ವಲ್ಪ ಹೊತ್ತು ಬಿಟ್ಟು ಬಿಟ್ಟು ತೆಗೆದ ನಾಲ್ಕು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ಓಡಿಸಿ. ನಕ್ಷತ್ರ ಕದಲುವುದಿಲ್ಲ, ಕದಲಿದ ಚುಕ್ಕೆ ಕ್ಷುದ್ರಗ್ರಹ ಇದ್ದೀತು. ಪರದೆಯ ಮೇಲಿನ ನೊಣ ಓಡಿಸಿ ಇನ್ನೊಮ್ಮೆ ನೋಡಿ.

ಆಮೇಲೆ ಕಾಯುವ ಕೆಲಸ. 1988ರ ಫೆಬ್ರವರಿ 17ರಂದು ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ ಆರ್. ರಾಜಮೋಹನ್ ಕಂಡ ಚುಕ್ಕೆಗೆ ಮೊದಲು ಸಿಕ್ಕಿದ್ದು '1988 ಡಿಕ್ಯೂ1' ಎಂಬ ತಾತ್ಕಾಲಿಕ ಗುರುತು: 'ಡಿ' ಅಂದರೆ ಫೆಬ್ರವರಿಯ ಉತ್ತರಾರ್ಧ, 'ಕ್ಯೂ1' ಅಂದರೆ ಆ ಪಕ್ಷದ 41ನೆಯದು. ಕಕ್ಷೆ ಖಚಿತವಾದ ಮೇಲೆ 4130 ಎಂಬ ಸಂಖ್ಯೆ, ಕೊನೆಗೆ 'ರಾಮಾನುಜನ್'. ಮಂಗಳ, ಗುರುಗಳ ನಡುವಿನ ಕಲ್ಲು ಸೂರ್ಯನನ್ನು ಒಂದು ಸುತ್ತು ಹಾಕಲು ಮೂರರಿಂದ ಆರು ವರ್ಷ ತೆಗೆದುಕೊಳ್ಳುತ್ತದೆ. ಹಾಗಾಗಿ ಕಕ್ಷೆ ಖಚಿತವಾಗಲು ವರ್ಷಗಳೇ ಹಿಡಿಯುತ್ತವೆ. ತಹಶೀಲ್ ಕಚೇರಿಗೆ ಅಲೆದವರಿಗೆ ಇದೇನೂ ಹೆಚ್ಚಲ್ಲ.

ಸಂಖ್ಯೆ ಬಿದ್ದ ಮೇಲೆ ಹೆಸರು ಸೂಚಿಸಲು ಹತ್ತು ವರ್ಷ ಗಡುವು. ನಿಮ್ಮದೇ ಹೆಸರು ಇಟ್ಟುಕೊಳ್ಳುವ ರೂಢಿಯಿಲ್ಲ. ಅಂಗಡಿ, ಕಂಪನಿಗಳ ಹೆಸರು ನಡೆಯದು. ನಾಯಿಯ ಹೆಸರು ಕಂಡರೆ ಹೆಸರು ಒಪ್ಪುವ ಸಮಿತಿಯವರು ಮುಖ ಸಿಂಡರಿಸುತ್ತಾರೆ. ಇಂಗ್ಲಿಷಿನ 16 ಅಕ್ಷರ ಮೀರುವಂತಿಲ್ಲ, ಹಾಗಾಗಿ ಹೋರಾಟ ಸಮಿತಿಗಳೆಲ್ಲ ಅಲ್ಲೇ ಔಟ್. ರಾಜಕಾರಣಿ, ಸೇನಾನಿಗಳಾದರೆ ಸತ್ತು ನೂರು ವರ್ಷ ಆಗಿರಬೇಕು. "ನಮ್ ಸಾಹೇಬ್ರ ಹೆಸ್ರು ಇಡ್ರಿ ಸರ" ಅಂತ ಯಾರಾದರೂ ಬಂದರೆ "ಇಡೋಣಂತ್ರಿ, ಅವ್ರು ಹೋಗಿ ನೂರ್ ವರ್ಷ ಆಗ್ಲಿ" ಅನ್ನಿ. ಮತ್ತೆ ಬರುವುದಿಲ್ಲ.

ಸುರಪುರದವರಿಗೆ ಮಾತ್ರ ಈ ನಿಯಮ ವರ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಅದೇ ವರ್ಷ ತೀರಿಕೊಂಡ ರಾಜಾ ವೆಂಕಟಪ್ಪ ನಾಯಕರ ನೂರು ವರ್ಷ ಎಂದೋ ಕಳೆದಿದೆ. 'ರಾಜಾ' ಬಿಟ್ಟು, ವೆಂಕಟಪ್ಪನಾಯಕ ಎಂದು ಕೂಡಿಸಿ ಇಂಗ್ಲಿಷಿನಲ್ಲಿ ಬರೆದರೆ ಸರಿಯಾಗಿ 16 ಅಕ್ಷರ! ಬೆರಳು ಮಡಚಿ ಎಣಿಸಿಕೊಳ್ಳಿ. ಉಚ್ಚರಿಸಲು ಬರುವಂತಿರಬೇಕು ಎಂದು ಹೆಸರು ಒಪ್ಪುವ ಸಮಿತಿ ತಕರಾರು ತೆಗೆದೀತು. ಬಾಲರಾಜನಾಗಿದ್ದಾಗ ಅವರನ್ನು ನೋಡಿಕೊಂಡ, ಅವರಿಂದ 'ಅಪ್ಪಾ' ಎಂದು ಕರೆಸಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬರಿಗೆ ಹೊರಳಿದ ನಾಲಿಗೆ ಇವರಿಗೇಕೆ ಹೊರಳದು ಎಂದು ಅರ್ಜಿಯಲ್ಲೇ ಕೇಳಿಬಿಡಿ. ಅರ್ಜಿಗೆ ಶುಲ್ಕವಿಲ್ಲ.