ಹಗ್ಗ ಹಿಸುಕುವ ಹಿರಿಯರು

ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಯಾವ ಸಂತೆಗೆ ಹೋದರೂ ಹಗ್ಗದ ಅಂಗಡಿ ಮುಂದೆ ಕುಕ್ಕರುಗಾಲಲ್ಲಿ ಕೂತ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಕಾರಹುಣ್ಣಿಮೆ ಹತ್ತಿರ ಬಂದರೆ, ಇಲ್ಲವೇ ಹಡಗಲಿ ತಾಲೂಕಿನ ಕುರುವತ್ತಿ ಜಾತ್ರೆಗೆ ಗಾಡಿ ಕಟ್ಟುವ ಮಾತೆದ್ದರೆ, ಇವರಿಗೆ ಸುಗ್ಗಿ. ಎತ್ತಿನ ಕೊರಳ ಹುರಿಯನ್ನು ಮೊದಲು ಮೂಸುತ್ತಾರೆ. ಆಮೇಲೆ ತುದಿ ಬಿಚ್ಚಿ ಎಳೆ ಎಣಿಸುತ್ತಾರೆ. ಕೊನೆಗೆ ತಮ್ಮದೇ ಕುತ್ತಿಗೆಗೆ ತಿಕ್ಕಿ ನೋಡಿ, "ಇದನ್ನ ಒಂದಿನ ನಿನ್ನ ಕೊಳ್ಳಾಗ ಹಾಕ್ಕೊಂಡು ನೋಡಲೇ ತಮ್ಮಾ" ಎಂದು ಅಂಗಡಿಯವನಿಗೆ ತೀರ್ಪು ಕೊಡುತ್ತಾರೆ. ಹುಡುಗರಿಗೆ ಪುಕ್ಕಟೆ ನಾಟಕ. ಆದರೆ ಈ ಅತಿರೇಕವನ್ನೆಲ್ಲ ಸೋಸಿ ತೆಗೆದ ಮೇಲೂ ತಳದಲ್ಲಿ ಒಂದು ಗಟ್ಟಿ ಮಾತು ಉಳಿಯುತ್ತದೆ: ಎತ್ತಿನ ಸಿಂಗಾರಕ್ಕೆ ಬೆಲೆ ಕಟ್ಟಬೇಕಾದದ್ದು ಎತ್ತಿನ ಚರ್ಮ.

ಇದಕ್ಕೆ ಸಾಕ್ಷಿ ನಾರಿನಲ್ಲೇ ಇದೆ. ಪುಂಡಿಯ ಎಳೆಸೊಪ್ಪು ಪಲ್ಯವಾಗಿ ರೊಟ್ಟಿಯ ಜೊತೆ ಹೊಟ್ಟೆ ಸೇರುತ್ತದೆ. ಬಲಿತ ದಂಟು ನೀರಲ್ಲಿ ಕೊಳೆತು ನಾರಾಗುತ್ತದೆ. ಕೊಳೆತದ್ದು ಸಾಲದಿದ್ದರೆ ಸಿಪ್ಪೆ ಉಳಿದು ಹುರಿ ಚುಚ್ಚುತ್ತದೆ. ಅತಿಯಾದರೆ ನಾರೇ ಸತ್ತು, ನಾತ ಹೊಡೆದು, ಎಳೆದಲ್ಲಿ ಕಡಿಯುತ್ತದೆ. ಮೂಗಿಗೆ ಕೆಲಸ ಕೊಟ್ಟದ್ದು ಸುಮ್ಮನೆ ಅಲ್ಲ. ಮೂರು ಎಳೆಗಳನ್ನು ಒಂದು ದಿಕ್ಕಿಗೆ ಹೊಸೆದು, ಮೂರನ್ನೂ ಕೂಡಿಸಿ ಎದುರು ದಿಕ್ಕಿಗೆ ಹುರಿ ಹಾಕಿದರೆ, ಒಂದು ಬಿಚ್ಚಲು ಹೊರಟಾಗ ಉಳಿದವು ಬಿಗಿಹಿಡಿಯುತ್ತವೆ. ಅಣ್ಣತಮ್ಮಂದಿರ ಕೂಡುಮನೆಯಲ್ಲೂ ಇಷ್ಟು ಒಗ್ಗಟ್ಟಿಲ್ಲ. ಹೊಸ ಹುರಿಯ ಮೈತುಂಬ ಜುಂಗು. ಅದನ್ನು ನೆನೆಸಿ, ಕಂಬಕ್ಕೆ ಬಿಗಿದು ಜಗ್ಗಿ, ತಿಕ್ಕಿ ನುಣುಪು ಮಾಡದೆ ಕೊರಳಿಗೆ ಹಾಕಬಾರದು. ನೆನೆದರೆ ಇಂಥ ನಾರು ಉಬ್ಬಿ ಹಗ್ಗ ಗಿಡ್ಡವಾಗುತ್ತದೆ. ಕಾರಹುಣ್ಣಿಮೆ ಬರುವುದೋ ಮುಂಗಾರಿನ ಹೊತ್ತಿಗೆ. ಎತ್ತುಗಳು ಕರಿ ಹರಿಯಲು ಓಡುವಾಗ ಮಳೆ ಬಿದ್ದು ಸಿಂಗಾರವೇ ಉರುಲಾಗದಿರಲಿ ಎಂದು ಹಿರಿಯರು ಬೆರಳು ತೂರಿಸಿ ಸಡಿಲ ನೋಡುವುದು. ಗೊಂಡೆ, ಹಣೆಪಟ್ಟಿ, ಗೆಜ್ಜೆಸರಗಳ ಬಣ್ಣದ ವಿಚಾರ ಆಮೇಲೆ.

ಪ್ಲಾಸ್ಟಿಕ್ ಹಗ್ಗ ಅಗ್ಗ, ಕೊಳೆಯುವುದಿಲ್ಲ, ಬಣ್ಣವಂತೂ ಕಣ್ಣು ಕುಕ್ಕುತ್ತದೆ ಎಂದು ಮಕ್ಕಳು ವಾದಿಸುತ್ತಾರೆ. ಮೂರೂ ನಿಜ. ಗಾಡಿಯ ಮೇಲೆ ಹೇರಿದ ಹೊಟ್ಟಿನ ಚೀಲ ಬಿಗಿಯಲು ಅದೇ ವಾಸಿ. ಹಿರಿಯರು ಇದನ್ನು ಸತ್ತರೂ ಒಪ್ಪುವುದಿಲ್ಲ. ಆದರೆ ಪ್ಲಾಸ್ಟಿಕ್ ಬಿಸಿಲಿಗೆ ಗರುಕಾಗಿ ಮುರಿದ ಎಳೆಗಳು ಮುಳ್ಳಾಗುತ್ತವೆ, ನುಣುಪಿನಿಂದ ಗಂಟು ಜಾರುತ್ತದೆ. ಈ ತಾಲೂಕುಗಳು 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋದವು ನಿಜ, ಬಿಸಿಲು ಮಾತ್ರ ಇನ್ನೂ ಬಳ್ಳಾರಿಯದೇ. ಮಕ್ಕಳ ವಾದಕ್ಕಿಂತ ತೂಕದ ಆಕ್ಷೇಪ ಬೇರೆ ಇದೆ: ಮೂಗು ಚುಚ್ಚಿ ದಾರ ಪೋಣಿಸಿದ ಮೇಲೆ ಕೊರಳ ಹುರಿ ಮೆತ್ತಗಿದ್ದರೆಷ್ಟು, ಬಿಟ್ಟರೆಷ್ಟು? ಮೂಗುದಾರದ ನೋವನ್ನು ಗೊಂಡೆ ಮುಚ್ಚಲಾರದು, ಒಪ್ಪೋಣ. ಆದರೂ ಕಟ್ಟುವುದು ತಪ್ಪದ ಕಡೆ ಯಾವುದರಿಂದ, ಎಷ್ಟು ಉದ್ದಕ್ಕೆ ಕಟ್ಟಿದೆ ಎಂಬುದು ಸಣ್ಣ ಮಾತಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು ಕೂಡ ತೀರ ಗಿಡ್ಡ ಅಥವಾ ತೀರ ಭಾರದ ಹಗ್ಗದಲ್ಲಿ ಬಹಳ ಹೊತ್ತು ಕಟ್ಟಿಹಾಕುವುದನ್ನು ಅಪರಾಧವೆಂದೇ ಎಣಿಸುತ್ತದೆ. ಹಿರಿಯರು ಕಾಯ್ದೆ ಓದಿದವರಲ್ಲ, ಕುತ್ತಿಗೆಗೆ ತಿಕ್ಕಿ ನೋಡಿದವರು.

ಇವರಲ್ಲಿ ಎಷ್ಟೋ ಜನರ ಕೊಟ್ಟಿಗೆಯಲ್ಲಿ ಈಗ ಎತ್ತೇ ಇಲ್ಲ, ಟ್ರ್ಯಾಕ್ಟರ್ ನಿಂತಿದೆ. ಹಬ್ಬಕ್ಕೆ ಮೊಮ್ಮಗ ಅದರ ಕನ್ನಡಿಗೆ ಗೊಂಡೆ ಕಟ್ಟಿದರೆ "ಬಿಗಿಯಾತು, ಸಡ್ಲ ಮಾಡು" ಎನ್ನುತ್ತಾರೆ. ಅದನ್ನೂ ಕ್ಷಮಿಸಬಹುದು. ಅನುಮಾನ ಮೂಡುವುದು ವ್ಯಾಪಾರದ ಹೊತ್ತಿಗೆ. ದಂಟು ಕೊಯ್ದು, ಕೊಳೆಸಿ, ಸುಲಿದು, ತೊಳೆದು, ಒಣಗಿಸಿ, ಹೊಸೆದವರ ಕೂಲಿ ಹುಟ್ಟದಂತೆ ಚೌಕಾಸಿ ಮಾಡುವವರೂ ಇವರೇ. ಹೊಸೆಯುವ ಕೈಗಳು ಯಾಕೆ ಕಡಿಮೆಯಾದವು ಎಂದು ಕಟ್ಟೆಯ ಮೇಲೆ ಮರುಗುವ ಬಾಯಿಯೇ ಸಂತೆಯಲ್ಲಿ ಹೇಳುವುದು: "ಹುರಿ ಪುಂಡಿದ ಕೊಡಪಾ. ರೇಟು ಮಾತ್ರ ಆ ಪ್ಲಾಸ್ಟಿಕ್ಕಿಂದು ಹಾಕು."