ಬಿ ಸೈಡಿನ ಮೇಷ್ಟ್ರು

ಗುಂಡ್ಲುಪೇಟೆ ಸೀಮೆಯಲ್ಲಿ ನಿಂತು ‘ರಾಜ್‌ಕುಮಾರ್ ಹಾಡಬಾರದಾಗಿತ್ತು’ ಎನ್ನುವವನಿಗೆ ಒಂದೋ ಗಟ್ಟಿ ಗುಂಡಿಗೆ ಇರಬೇಕು, ಇಲ್ಲವೇ ಬಸ್ಸಿನ ಬಾಗಿಲ ಪಕ್ಕದಲ್ಲೇ ಸೀಟು ಸಿಕ್ಕಿರಬೇಕು. ನಮ್ಮ ಮೇಷ್ಟ್ರಿಗೆ ಎರಡೂ ಇವೆ. ಅಣ್ಣಾವ್ರು ಹುಟ್ಟಿದ ಗಾಜನೂರು ಚಾಮರಾಜನಗರದ ಆಚೆ, ತಾಳವಾಡಿಯ ಮಗ್ಗುಲಲ್ಲಿದೆ. ಸರ್ಕಾರದ ಲೆಕ್ಕದಲ್ಲಿ ಅದು ತಮಿಳುನಾಡಿನ ಈರೋಡ್ ಜಿಲ್ಲೆ. ಈ ಕಡೆಯ ಜನ ಆ ಲೆಕ್ಕವನ್ನು ಮನಸಾರೆ ಒಪ್ಪಿದ ಹಾಗೆ ಕಾಣುವುದಿಲ್ಲ. ಅಣ್ಣಾವ್ರ ಕಂಠದ ಬಗ್ಗೆ ಇಲ್ಲಿ ಯಾರಿಗೂ ಅಭಿಪ್ರಾಯವಿಲ್ಲ, ನೆಂಟಸ್ತಿಕೆ ಇದೆ. ಅಂಥ ಕಡೆ ಮೇಷ್ಟ್ರು ಅಭಿಪ್ರಾಯ ಇಟ್ಟುಕೊಂಡಿದ್ದಾರೆ.

ಇಂಥವರು ಊರಿಗೊಬ್ಬರು ಇರುತ್ತಾರೆ, ನಿಮ್ಮೂರಲ್ಲೂ ಹುಡುಕಿದರೆ ಸಿಕ್ಕಾರು. ವಯಸ್ಸು ಅರವತ್ತರ ಆಚೀಚೆ. ಮನೆಯ ಬೀರುವಿನಲ್ಲಿ ಹೆಂಡತಿಯ ಸೀರೆಗಿಂತ ಕ್ಯಾಸೆಟ್ಟೇ ಜಾಸ್ತಿ. ಟೇಪ್ ರೆಕಾರ್ಡರ್ ಸತ್ತು ಎಷ್ಟೋ ಕಾಲವಾಗಿದ್ದರೂ ಒಂದೊಂದು ಕ್ಯಾಸೆಟ್ಟನ್ನೂ ಒರೆಸಿ, ಸಡಿಲವಾದ ರೀಲನ್ನು ಪೆನ್ಸಿಲ್ ತೂರಿಸಿ ಸುತ್ತಿ, ಮತ್ತೆ ಒಳಗಿಡುತ್ತಾರೆ. ತೆರೆಯ ಮೇಲಿನ ಅಣ್ಣಾವ್ರಿಗೆ ದನಿಯಾಗಿದ್ದ ಗಾಯಕ ಪಿ.ಬಿ. ಶ್ರೀನಿವಾಸ್ ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಳ್ಳುತ್ತಿದ್ದರಲ್ಲ, ಮೇಷ್ಟ್ರ ಜೇಬಿನಲ್ಲೂ ಹಾಗೆಯೇ ಸಾಲಾಗಿ ಪೆನ್ನುಗಳಿವೆ. ಒಂದೂ ಬರೆಯುವುದಿಲ್ಲ.

ಶ್ರಾವಣ ಶನಿವಾರ ಇವರನ್ನು ನೋಡಬೇಕು. ಹಿಮವದ್ ಗೋಪಾಲಸ್ವಾಮಿ ಬೆಟ್ಟ ಬಂಡೀಪುರದ ಕಾಡಿನೊಳಗಿರುವುದರಿಂದ ಸ್ವಂತ ಗಾಡಿಗಳೆಲ್ಲ ಬುಡದಲ್ಲೇ ನಿಲ್ಲಬೇಕು. ಮೇಲಕ್ಕೆ ಸರ್ಕಾರಿ ಬಸ್ಸೇ ಗತಿ. ಬೆಟ್ಟದ ಎತ್ತರ 1,454 ಮೀಟರ್. ತಿರುವಿನ ಮೇಲೆ ತಿರುವು, ಕಿಟಕಿಯೊಳಕ್ಕೇ ನುಗ್ಗುವ ಮಂಜು, ಆನೆ ಕಂಡರೆ ಚೆನ್ನ ಎಂಬ ಆಸೆ, ಕಂಡೇಬಿಟ್ಟರೆ ಗತಿಯೇನೆಂಬ ಭಯ. ನಡುದಾರಿಯಲ್ಲಿ ಇಳಿದು ಹೋಗಲು ಯಾರಿಗೂ ಸಾಧ್ಯವಿಲ್ಲ. ವಾದ ಮಾಡಲು ಇದಕ್ಕಿಂತ ಒಳ್ಳೆಯ ಸಭಾಂಗಣ ಮೇಷ್ಟ್ರಿಗೆ ಸಿಕ್ಕಿಲ್ಲ.

ಯಾರದೋ ಫೋನಿನಲ್ಲಿ ಅಣ್ಣಾವ್ರು ಎಮ್ಮೆ ಮೇಲೆ ಕೂತು ಹಾಡುವ ಆ ಹಾಡು ಬಂತು ಅಂದುಕೊಳ್ಳಿ. ಮೇಷ್ಟ್ರು ಕಿಟಕಿಯಿಂದ ಮುಖ ತಿರುಗಿಸುತ್ತಾರೆ.

“1974. ಸಂಪತ್ತಿಗೆ ಸವಾಲ್. ಜಿ.ಕೆ. ವೆಂಕಟೇಶ್ ಅಣ್ಣಾವ್ರನ್ನ ಮೈಕ್ ಮುಂದೆ ನಿಲ್ಲಿಸಿಬಿಟ್ರು. ಅಲ್ಲಿಗೆ ಶ್ರೀನಿವಾಸ್ ಕಥೆ ಮುಗೀತು.”

“ಅದಕ್ಕೂ ಮುಂಚೇನೇ ಮಹಿಷಾಸುರ ಮರ್ದಿನೀಲಿ ಹಾಡಿದ್ರಲ್ಲ ಮೇಷ್ಟ್ರೇ?” ಅಂತ ಹಿಂದಿನ ಸೀಟು.

“ಅದು ಗುಬ್ಬಿ ನಾಟಕ ಕಂಪನೀಲಿ ಹಾಡಿದ್ದರ ಋಣ. ಲೆಕ್ಕಕ್ಕಿಲ್ಲ.”

ಚೆಂಡುಹೂವಿನ ಚೀಲ ಮಡಿಲಲ್ಲಿಟ್ಟುಕೊಂಡ ಹೆಂಗಸೊಬ್ಬಳು ಕೆನ್ನೆ ಬಡಿದುಕೊಳ್ಳುತ್ತಾಳೆ: “ದ್ಯಾವರ ಬೆಟ್ಟಕ್ಕೆ ಬಂದೂ ಇಂಥ ಮಾತಾ ಬುದ್ದಿ? ನಾಲಿಗೆ ಬಿದ್ದೋದದು!”

ನಾಲಿಗೆ ಬೀಳುವುದಿಲ್ಲ. ಮೇಷ್ಟ್ರ ಹತ್ತಿರ ಸಾಕ್ಷಿಗಳಿವೆ, ಮತ್ತು ಸಾಕ್ಷಿಗಳು ಗಟ್ಟಿಯಾಗಿಯೇ ಇವೆ ಎಂಬುದು ಕೇಳುವವರ ಕಷ್ಟ. ಅದೇ 1974ರಲ್ಲಿ ಬಂದ ‘ಎರಡು ಕನಸು’ ಚಿತ್ರದಲ್ಲಿ ರಾಜನ್-ನಾಗೇಂದ್ರ ಅಣ್ಣಾವ್ರಿಗೆ ಹಾಡಿಸಿದ್ದು ಶ್ರೀನಿವಾಸ್ ಕೈಯಲ್ಲೇ. ‘ಯಾವುದು ಮೇಲು, ಎದೆ ಮುಟ್ಟಿಕೊಂಡು ಹೇಳಿ’ ಅನ್ನುತ್ತಾರೆ. ಬಸ್ಸು ಹೇರ್‌ಪಿನ್ ತಿರುವಿನಲ್ಲಿರುವಾಗ ಯಾರ ಕೈಯೂ ಎದೆಯ ಮೇಲೆ ಇರುವುದಿಲ್ಲ, ಕಂಬಿಯ ಮೇಲಿರುತ್ತದೆ. ಆಮೇಲೆ 1977ರ ಬಭ್ರುವಾಹನ. ಅರ್ಜುನನೂ ಅಣ್ಣಾವ್ರೇ, ಬಭ್ರುವಾಹನನೂ ಅಣ್ಣಾವ್ರೇ. ಅಪ್ಪ-ಮಗ ಎದುರುಬದುರು ನಿಂತು ಸವಾಲ್-ಜವಾಬ್ ಹಾಡಬೇಕಾಗಿ ಬಂದಾಗ ಒಂದು ದನಿ ಅಣ್ಣಾವ್ರದು, ಇನ್ನೊಂದು ಶ್ರೀನಿವಾಸರದು. “ನೋಡಿದ್ರಾ? ಅಣ್ಣಾವ್ರಿಗೆ ಎದುರು ನಿಲ್ಲೋಕೆ ಇನ್ಯಾರೂ ಸಿಗಲಿಲ್ಲ!” ತಾನು ಬರೀ ಶರೀರ, ಶ್ರೀನಿವಾಸರೇ ಶಾರೀರ ಎಂದು ರಾಜ್‌ಕುಮಾರ್ ಅವರೇ ಹೇಳುತ್ತಿದ್ದರಂತಲ್ಲ, ಆ ಬಾಣವನ್ನು ಮೇಷ್ಟ್ರು ಕೊನೆಗೆ ಇಟ್ಟುಕೊಂಡಿರುತ್ತಾರೆ. ಬಭ್ರುವಾಹನದ ವಿಷಯದಲ್ಲಿ ನಾನೂ ಅವರ ಪಕ್ಷವೇ. ಬಸ್ಸಿನಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ.

ಉಳಿದ ತೀರ್ಪುಗಳನ್ನು ಬೇಗ ಹೇಳಿಬಿಡುತ್ತೇನೆ. 1987ರ ಪ್ರೇಮಲೋಕ ಹಂಸಲೇಖ ಮಾಡಿಕೊಂಡ ರಿಹರ್ಸಲ್, ನಿಜವಾದ ಕ್ಯಾಸೆಟ್ ಮರುವರ್ಷದ ರಣಧೀರ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 1978ರ ‘ನಿತ್ಯೋತ್ಸವ’ದಲ್ಲಿ ಎಲ್ಲಕ್ಕಿಂತ ಸಪ್ಪೆ ಯಾವುದೆಂದರೆ ನಿತ್ಯೋತ್ಸವವೇ. ಶಾಲಾ ವಾರ್ಷಿಕೋತ್ಸವಗಳಲ್ಲಿ ಮೂವತ್ತು ವರ್ಷ ಮಕ್ಕಳಿಂದ ಅದನ್ನು ಹಾಡಿಸಿದವರು ಅವರೇ ಆದ್ದರಿಂದ ಈ ತೀರ್ಪಿಗೆ ಸ್ವಲ್ಪ ಬೆಲೆ ಕೊಡಬೇಕು. ಸಿ. ಅಶ್ವತ್ಥ್ ಹಾಡುವಾಗ ಮೈಕ್ ಆಫ್ ಮಾಡಿದ್ದರೂ ನಡೆಯುತ್ತಿತ್ತು. ಕೊನೆಯದನ್ನು ಅವರು ಹೊಗಳಿಕೆ ಎಂದೇ ಹೇಳುತ್ತಾರೆ, ಯಾರೂ ಹಾಗೆ ತಿಳಿಯುವುದಿಲ್ಲ.

ಬೆಟ್ಟದ ಹಂಸತೀರ್ಥದಲ್ಲಿ ಮುಳುಗಿದ ಕಾಗೆ ಹಂಸವಾಯಿತು, ಅದಕ್ಕೇ ಇಲ್ಲಿ ಕಾಗೆಗಳಿಲ್ಲ ಎಂಬುದು ಸ್ಥಳಪುರಾಣ. “ಮೇಷ್ಟ್ರು ಬಂದ ದಿನ ಒಂದು ಇರ್ತದೆ ಬುಡಿ” ಎಂದು ಕಂಡಕ್ಟರ್ ಟಿಕೆಟ್ ಹರಿಯುತ್ತಾನೆ.

ಬೈಗುಳ ಮೇಷ್ಟ್ರನ್ನು ಅಲುಗಿಸುವುದಿಲ್ಲ. ಅವರು ಕಂಗೆಟ್ಟದ್ದನ್ನು ನಾನು ನೋಡಿದ್ದು ಒಂದೇ ಸಲ, ಅದೂ ಬೆಂಗಳೂರಿನ ಹುಡುಗನೊಬ್ಬ ಕಿವಿಯಿಂದ ಇಯರ್‌ಫೋನ್ ಕಿತ್ತು, “ನೀವು ಹೇಳಿದ್ದು ನೂರಕ್ಕೆ ನೂರು ಸರಿ ಸಾರ್. ನನಗೂ ಪಿಬಿಎಸ್ಸೇ ಇಷ್ಟ” ಎಂದಾಗ. ಮೇಷ್ಟ್ರ ಮುಖ ಸಣ್ಣಗಾಯಿತು.

“ಯಾವ ಪಿಬಿಎಸ್?”

“ಗಂಧದ ಗುಡಿ ಸಾರ್.”

“1973. ಅದು ಊರಿಗೆಲ್ಲ ಗೊತ್ತಿರೋದು.”

“ಕಸ್ತೂರಿ ನಿವಾಸ?”

“ಅದೂ ಅಷ್ಟೇ.” ಒಂದು ತಿರುವು ಕಳೆಯಿತು. “ಶ್ರೀನಿವಾಸ್ ಅಣ್ಣಾವ್ರಿಗೆ ಹಾಡಿದ್ದೆಲ್ಲ ಸುಮಾರು ಕಣಪ್ಪ. ಕಲ್ಯಾಣ್‌ಕುಮಾರ್‌ಗೆ ಹಾಡಿದ್ದು ಕೇಳಿದೀಯಾ?”

ಹುಡುಗ ಕೇಳಿರಲಿಲ್ಲ. ಮೇಷ್ಟ್ರು ಮತ್ತೆ ಒಬ್ಬಂಟಿಯಾದರು, ಮುಖಕ್ಕೆ ಕಳೆ ಬಂತು.

ಅವರ ಮನೆಯಾಕೆಯನ್ನೂ ಒಮ್ಮೆ ಮಾತಾಡಿಸಿದೆ. ಅವರು ಒಗ್ಗರಣೆ ಹಾಕುತ್ತ ಗುನುಗುವುದು ಪ್ರೇಮಲೋಕದ ಹಾಡು. “ಇವ್ರಿಗೆ ಕೇಳಿಸ್ತದೆ. ಊಟ ಬೇಕಲ್ಲ, ಸುಮ್ನಿರ್ತಾರೆ” ಅಂದರು.

ಮೇಲೆ ಹೊಯ್ಸಳ ಬಲ್ಲಾಳನ ಕಾಲದ ಗುಡಿಯಲ್ಲಿ ಕೊಳಲು ಹಿಡಿದ ವೇಣುಗೋಪಾಲ ನಿಂತಿದ್ದಾನೆ. ಗರ್ಭಗುಡಿಯಲ್ಲಿ ಜಿನುಗುವ ತಣ್ಣನೆ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು ಮೇಷ್ಟ್ರು ಕೈಮುಗಿಯುತ್ತಾರೆ. ಆ ಕೊಳಲನ್ನು ಈವರೆಗೆ ಯಾರೂ ಕೇಳಿಲ್ಲ, ಹಾಗಾಗಿ ಯಾರೂ ಮೆಚ್ಚಿಲ್ಲ, ಹಾಗಾಗಿ ಮೇಷ್ಟ್ರಿಗೂ ತಕರಾರಿಲ್ಲ.

ಬೆಟ್ಟಕ್ಕೆ ಹೋಗುವವರು ದಯವಿಟ್ಟು ಒಂದು ಮಾತು ನಡೆಸಿಕೊಡಿ. ಸ್ವೆಟರ್ ಮರೆತರೂ ಚಿಂತೆಯಿಲ್ಲ, ಬಸ್ಸಿನಲ್ಲಿ ಮಾತ್ರ ಯಾವ ಹಾಡನ್ನೂ ಗುನುಗಬೇಡಿ. ಇಳಿಯುವಾಗಲೂ ಅದೇ ಬಸ್ಸು.